ಮೋಡವಿಲ್ಲದೆ ಏರಿದ ನೀರು

1985ನೇ ಇಸ್ವಿ ಡಿಸೆಂಬರ್ 28, ಶನಿವಾರ, ಬೆಳಿಗ್ಗೆ ಏಳೂವರೆ. ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶ. ಯೆಲ್ವಾ ಎಂಬ ಪಟ್ಟಣದಿಂದ ನದಿಯ ಮೇಲ್ದಿಕ್ಕಿಗೆ ಜೀಪಿನಲ್ಲಿ ಎರಡು ತಾಸು ಹೋದರೆ ಬಾಕಿನ್ ರುವಾ ಎಂಬ ಮೀನುಗಾರರ ಹಳ್ಳಿ. ಅಲ್ಲಿಯ ದೋಣಿಕಟ್ಟೆಯ ಮೆಟ್ಟಿಲುಗಳಲ್ಲಿ ಮೇಲಿನಿಂದ ಐದನೆಯದರ ಮೇಲೆ ನಾನು ನಿಂತಿದ್ದೆ. ಮುಖ ಪಡುವಣಕ್ಕೆ, ನೈಜರ್ ನದಿಯ ಕಡೆಗೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ; ಮಳೆ ನಿಂತು ಎರಡು ತಿಂಗಳ ಮೇಲಾಗಿತ್ತು. ಆದರೂ ನನ್ನ ಕಾಲಿನ ಕೆಳಗಿನ ಆರನೆಯ ಮೆಟ್ಟಿಲು ನೀರಿನಲ್ಲಿತ್ತು. ನನ್ನ ತಿಳಿವಳಿಕೆಯ ಪ್ರಕಾರ ಅಂದು ಹನ್ನೊಂದನೆಯ ಮೆಟ್ಟಿಲೂ ಒಣಗಿರಬೇಕಿತ್ತು.

ನದಿ ಹಳ್ಳಗಳ ನೀರಿನ ಮಟ್ಟ ಓದುವ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಈಗ ಬಹಳ ಕಡೆ ಯಂತ್ರವೇ ಮಟ್ಟ ಅಳೆದು ಕಚೇರಿಗೆ ಕಳಿಸುತ್ತದೆ. ನಮ್ಮ ಕಾಲಕ್ಕೆ ಒಂದು ಹಲಗೆ, ಒಂದು ಪೆನ್ಸಿಲು, ಎರಡು ಕಣ್ಣು. ನನಗೆ ಯಾವ ವರ್ಷ ಬಡ್ತಿ ಸಿಕ್ಕಿತು, ಎಲ್ಲಿಗೆ ವರ್ಗವಾಯಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಆ ಐದನೆಯ ಮೆಟ್ಟಿಲಿಗೆ ನಾನು ಹೇಗೆ ಬಂದೆ, ಅಲ್ಲಿಂದ ಏನು ಮಾಡಿದೆ ಎಂಬುದರಿಂದ ಉಪಯೋಗವಾದೀತು.

ನನ್ನ ಊರು ನವಲಗುಂದ ತಾಲೂಕಿನ ತಿರ್ಲಾಪುರ. 1980ರಲ್ಲಿ ಬೆಣ್ಣಿಹಳ್ಳದ ಒಂದು ಸೇತುವೆಯ ಹತ್ತಿರ ಗೇಜ್ ಓದುವ ಕೆಲಸಕ್ಕೆ ಸೇರಿದೆ. ಗೇಜ್ ಎಂದರೆ ಸೆಂಟಿಮೀಟರ್ ಗುರುತು ಹಾಕಿ ನೀರಿನಲ್ಲಿ ನೆಟ್ಟ ಹಲಗೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಹೋಗಿ ನೀರು ಎಲ್ಲಿ ಮುಟ್ಟಿದೆಯೆಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಬೇಸಿಗೆಯಲ್ಲಿ ಆ ಹಳ್ಳದ ನೀರು ಮೊಳಕಾಲು ಮುಟ್ಟುವುದಿಲ್ಲ. ಕುಂದಗೋಳ, ಹುಬ್ಬಳ್ಳಿಯ ದಿಕ್ಕಿಗೆ ಮೋಡ ಕಪ್ಪಾಯಿತೆಂದರೆ, ನಮ್ಮಲ್ಲಿ ಹನಿ ಬೀಳದಿದ್ದರೂ, ಕೆಲವೇ ತಾಸುಗಳಲ್ಲಿ ಹೊಲಕ್ಕೆ ನುಗ್ಗುತ್ತದೆ, ಮರುದಿನ ಇಳಿದುಹೋಗುತ್ತದೆ. ಆದ್ದರಿಂದ ನಾವು ಹಲಗೆಗಿಂತ ಮೊದಲು ನೋಡುತ್ತಿದ್ದುದು ತೆಂಕಣ ಆಕಾಶವನ್ನು. ಮೋಡವಿಲ್ಲದೆ ನೀರು ಏರುವುದಿಲ್ಲ. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಕಲಿಸಿದ್ದರೆ ಯಾವಾಗಲಾದರೂ ಪ್ರಶ್ನೆ ಕೇಳುತ್ತಿದ್ದೆನೋ ಏನೋ.

ಎರಡನೆಯ ವರ್ಷದ ಮಳೆಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಎರೆಮಣ್ಣಿನ ದಾರಿ ನೆನೆದರೆ ಸೈಕಲ್ ಮೇಲೆ ನಾವು ಹೋಗುವುದಿಲ್ಲ, ಸೈಕಲ್ಲೇ ನಮ್ಮ ಹೆಗಲ ಮೇಲೆ ಬರುತ್ತದೆ. ನಾಲ್ಕು ದಿನ ನಾನು ಹಳ್ಳಕ್ಕೆ ಹೋಗಲೇ ಇಲ್ಲ. ಮನೆಯ ಕಟ್ಟೆಯ ಮೇಲೆ ಕೂತು, ಮಳೆ ನಿಂತಿದೆ, ನೀರು ಇಳಿದಿರಬೇಕು ಎಂದು ದಿನಕ್ಕೆ ಎರಡು ಮೂರು ಸೆಂಟಿಮೀಟರ್ ಕಳೆಯುತ್ತ ಬರೆದೆ. ಐದನೆಯ ದಿನ ಓವರ್‌ಸಿಯರ್ ಕುಲಕರ್ಣಿಯವರು ಮನೆಯ ಮುಂದೆ ಜೀಪು ನಿಲ್ಲಿಸಿದರು.

"ಬಸ್ಯಾ, ಸೋಮವಾರ ಮುಂಜಾನೆ ಎಷ್ಟಿತ್ತು?"

"ಎಂಬತ್ತೆರಡು ಸೆಂಟಿಮೀಟರ್ ರೀ."

"ಯಾವ ಹಲಗಿ ಮ್ಯಾಲೆ ಓದಿದಿ?"

"ಅದೇ ರೀ, ದಂಡಿ ಬಾಜೂಕಿಂದು."

"ಅದನ್ನ ಶನಿವಾರನ ಎಮ್ಮಿ ಮೈ ತಿಕ್ಕಿ ಕೆಡವ್ಯಾವ. ನನ್ನ ಜೀಪಿನ್ಯಾಗ ಅದ, ಬೇಕಂದ್ರ ನೋಡು. ನಿನಕಿಂತಾ ಎಮ್ಮಿನ ಛಲೋ ಅವ, ದಿನಾ ಹಳ್ಳಕ್ಕರೆ ಹೋಗತಾವ."

ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಮೇಲಕ್ಕೆ ಬರೆಯಲಿಲ್ಲ. ಕೆಸರಿನಲ್ಲಿ ನನ್ನ ಜೊತೆ ನಡೆದು ಬಂದರು, ಹಲಗೆ ಮತ್ತೆ ನೆಡಿಸಿದರು, ಸಂಜೆ ಆರರ ಮಟ್ಟ ನಾನು ಓದುವವರೆಗೆ ಅಲ್ಲೇ ನಿಂತರು. ರಿಜಿಸ್ಟರಿನಲ್ಲಿ ಆ ನಾಲ್ಕು ದಿನ ಹೊಡೆದುಹಾಕಿಸಿ, "ಖಾಲಿ ಬಿಡಬ್ಯಾಡ. ನೋಡಿಲ್ಲ ಅಂತ ಬರಿ. ನೋಡಿಲ್ಲ ಅಂದ್ರ ತಪ್ಪಲ್ಲ, ನೋಡಲಾರದ ಬರದ್ರ ತಪ್ಪು" ಅಂದರು. ತಿರುಗಿ ಬರುವಾಗ ಇನ್ನೊಂದು ಮಾತು ಹೇಳಿದರು: "ಒಬ್ಬಾಂವ ಬರದದ್ದು ಸುಳ್ಳು ಅನ್ನೋ ಮೊದಲು ಅಂವ ನಿಂತ ಜಾಗಾಕ್ಕ ಹೋಗಿ ನಿಂದರಬೇಕು. ನಾ ಅದಕ್ಕ ಬಂದೆ."

ಮೊದಲನೆಯ ಮಾತನ್ನು ನಾನು ನೆನಪಿಟ್ಟೆ. ಎರಡನೆಯದನ್ನು ಕೇಳಿದೆ, ಅಷ್ಟೆ.

1984ರಲ್ಲಿ ಭಾರತದ ಒಂದು ಸಂಸ್ಥೆ ನೈಜೀರಿಯಾದ ವಾಯವ್ಯ ಭಾಗದ ನದಿಗಳನ್ನು ಅಳೆಯುವ ಕೆಲಸ ಹಿಡಿದು ಜನರನ್ನು ಆರಿಸುತ್ತಿತ್ತು. ಕುಲಕರ್ಣಿಯವರೇ ನನ್ನ ಹೆಸರು ಕಳಿಸಿದರು. ಶಿಫಾರಸಿನ ಪತ್ರದಲ್ಲಿ, ಈ ಹುಡುಗ ಕಂಡದ್ದನ್ನಷ್ಟೇ ಬರೆಯುತ್ತಾನೆ ಎಂದು ಬರೆದಿದ್ದರು. ಅದನ್ನು ನನಗೆ ತೋರಿಸಿಯೇ ಲಕೋಟೆ ಅಂಟಿಸಿದರು.

ನಮ್ಮ ಕಡೆಯಿಂದ ಹೋದವರು ಇಬ್ಬರು. ಇನ್ನೊಬ್ಬ ಕಲಘಟಗಿ ತಾಲೂಕು ತಂಬೂರಿನ ಫಕ್ಕೀರಪ್ಪ. ಜೀಪು, ದೋಣಿಯ ಇಂಜಿನ್ನು ಎರಡನ್ನೂ ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ. ಗಾಡಿಯನ್ನೂ ಅವನೇ ಓಡಿಸುತ್ತಿದ್ದ. ಲಾಗೋಸಿನಲ್ಲಿ ವಿಮಾನ ಇಳಿದು ಕಡೂನಾಕ್ಕೆ ರೈಲು ಹತ್ತಿದೆವು. ಜೆಬ್ಬಾ ಎಂಬಲ್ಲಿ ರೈಲು ನೈಜರ್ ನದಿಯನ್ನು ದಾಟುತ್ತದೆ. ಸೇತುವೆ ಮುಗಿಯುತ್ತಲೇ ಇರಲಿಲ್ಲ. ಫಕ್ಕೀರಪ್ಪ ಕಿಟಕಿಯಿಂದ ತಲೆ ಒಳಗೆ ತೆಗೆದುಕೊಂಡು, "ಬಸಣ್ಣಾರ, ನಿಮ್ಮ ಬೆಣ್ಣಿಹಳ್ಳ ಇದಕ್ಕ ಮಮ್ಮಗ ಆಗಬೇಕೋ, ಮರಿಮಮ್ಮಗ ಆಗಬೇಕೋ?" ಎಂದ. ನಾನು ನಕ್ಕೆ. ಹಳ್ಳವೇ ಆಗಲಿ ಹೊಳೆಯೇ ಆಗಲಿ, ನೀರಿನ ಗುಣ ಒಂದೇ ಎಂಬ ಧೈರ್ಯ ನನಗಿತ್ತು.

ನಮ್ಮ ಕಚೇರಿ ಸೋಕೋಟೋ ಪಟ್ಟಣದಲ್ಲಿತ್ತು. ಅದು ನೈಜರ್ ದಂಡೆಯ ಊರಲ್ಲ. ರೀಮಾ ಎಂಬ ಉಪನದಿಯ ಊರು. ಆ ಸೀಮೆ ನಮಗೆ ಬೇಗ ಹೊಂದಿಕೆಯಾಯಿತು. ಅಲ್ಲಿಯವರ ಊಟಕ್ಕೂ ಜೋಳವೇ. ಸಂತೆಯಲ್ಲಿ ಉಳ್ಳಾಗಡ್ಡಿ, ಕೆಂಪು ಮೆಣಸಿನಕಾಯಿ ರಾಶಿ ರಾಶಿ. ಫಕ್ಕೀರಪ್ಪ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತರೆ ನೆರೆಮನೆಯ ಹೆಂಗಸರು ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರೊಂದಿಗೆ ಬೈದಾಡುತ್ತಲೇ ಅವನು ಆರು ತಿಂಗಳಲ್ಲಿ ಹೌಸಾ ಎಂಬ ಅಲ್ಲಿಯ ಮಾತು ಕಲಿತ. ನಾನು ಸಂಖ್ಯೆಗಳನ್ನು ಮಾತ್ರ ಕಲಿತೆ.

ರೀಮಾ ನದಿಯ ಸ್ವಭಾವ ಬೆಣ್ಣಿಹಳ್ಳದ್ದೇ. ಮಳೆಗಾಲದಲ್ಲಿ ಉಕ್ಕುತ್ತದೆ, ಡಿಸೆಂಬರಿಗೆ ಮರಳು ಕಾಣುತ್ತದೆ. ಅದರ ಮೇಲೂ ಅದರ ಕಿರುನದಿಗಳ ಮೇಲೂ ನಮ್ಮ ಹನ್ನೊಂದು ಗೇಜುಗಳಿದ್ದವು. ಎರಡನೆಯ ವರ್ಷ ಹನ್ನೆರಡನೆಯದನ್ನು ಸೇರಿಸಿದರು. ಅದೊಂದು ಮಾತ್ರ ನೈಜರ್ ಮೇಲೆ, ಬಾಕಿನ್ ರುವಾದಲ್ಲಿ.

ಅಲ್ಲಿಯ ಗೇಜ್ ಓದಲು ನೇಮಿಸಿದ್ದು ಗಾರ್ಬಾ ಎಂಬವರನ್ನು. ಐವತ್ತು ದಾಟಿದ ಮನುಷ್ಯ. ಮೊದಲು ದೋಣಿ ನಡೆಸುತ್ತಿದ್ದರು. ಊರವರು ಗೌರವದಿಂದ ಮಾಲಂ ಗಾರ್ಬಾ ಎನ್ನುತ್ತಿದ್ದರು. ಮಾಲಂ ಎಂದರೆ ಓದುಬಲ್ಲವರು. 1985ರ ಆಗಸ್ಟಿನಲ್ಲಿ ಹಲಗೆ ಕೂಡಿಸಲು ಹೋದಾಗ ಅವರು ಓದುವ ರೀತಿ ನೋಡಿದೆ. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಅಲೆ ಮೇಲೆ ಹೋದಾಗ ಒಂದು ಬೆರಳು, ಕೆಳಗೆ ಬಂದಾಗ ಇನ್ನೊಂದು ಬೆರಳು ಹಲಗೆಗೆ ಹಚ್ಚಿ, ಹತ್ತು ಅಲೆ ಎಣಿಸಿ, ನಡುವಿನ ಅಂಕಿ ಬರೆಯುತ್ತಿದ್ದರು. ನಾನು ಹೇಳಿಕೊಟ್ಟದ್ದಕ್ಕಿಂತ ಅದು ಚೆನ್ನಾಗಿತ್ತು.

ಅಂದು ಅವರು ಒಂದು ಸಂಗತಿ ಹೇಳಿದರು. ಫಕ್ಕೀರಪ್ಪ ಅದನ್ನು ನನಗೆ ತಿಳಿಸಿದ:

"ಈ ಹೊಳಿಗೆ ವರ್ಷಾ ಎರಡು ನೀರು ಬರತಾವಂತ್ರೀ. ಈಗ ಬರಾಕ ಹತ್ತಿದ್ದು ಬಿಳೇ ನೀರು. ಅದು ಇಳದ ಮ್ಯಾಲೆ, ಮಳಿ ಇಲ್ಲದ ಕಾಲಕ್ಕ, ಕರೇ ನೀರು ಬರತೈತಂತ. ಭಾಳ ದೂರದಿಂದ ನಡಕೋತ ಬರತೈತಂತ."

"ಮಳಿ ಇಲ್ಲದ ನೀರು ಎಲ್ಲಿಂದ ಬರತೈತೋ ಫಕ್ಕೀರಾ?"

"ನನ್ನೇನ ಕೇಳತೀರಿ? ನಾ ಇಂಜಿನ್ ರಿಪೇರಿ ಮಾಡಾಂವ. ಆ ಕಡಿ ಮಳಿ ಆಗಲಾರದಕ್ಕ ಎರಡು ವರ್ಷ ಅದು ಬಂದದ್ದ ಗೊತ್ತಾಗಲಿಲ್ಲಂತ. ಈ ವರ್ಷ ಬರತೈತಿ ಅಂತಾನ."

ನನ್ನ ಕಿಸೆಯ ಡೈರಿಯಲ್ಲಿ ಎರಡೇ ಪದ ಬರೆದೆ: ಊರವರ ನಂಬಿಕೆ. ಆ ಡೈರಿ ಈಗಲೂ ನನ್ನ ಹತ್ತಿರ ಇದೆ.

ಡಿಸೆಂಬರ್ ಎರಡನೆಯ ವಾರ ಹನ್ನೆರಡೂ ಕಡೆಯ ಹಾಳೆಗಳು ಲಾರಿಯವರ ಕೈಯಲ್ಲಿ ಸೋಕೋಟೋಕ್ಕೆ ಬಂದವು. ಹನ್ನೊಂದು ಹಾಳೆಗಳಲ್ಲಿ ನೀರು ಇಳಿಯುತ್ತಿತ್ತು. ಗಾರ್ಬಾ ಅವರ ಹಾಳೆಯಲ್ಲಿ ಮೂರನೆಯ ತಾರೀಖಿನಿಂದ ಏರುತ್ತಿತ್ತು. ಒಂದು ದಿನ ಮೂರು ಸೆಂಟಿಮೀಟರ್, ಮರುದಿನ ಮೂರು, ಅದರ ಮರುದಿನ ಎರಡು, ಮತ್ತೆ ಮೂರು. ನಾನು ಕಿಟಕಿಯಿಂದ ಆಕಾಶ ನೋಡಿದೆ. ಹರ್ಮತ್ತಾನ್ ಎಂಬ ಧೂಳುಗಾಳಿ ಬೀಸುತ್ತಿತ್ತು. ಮೋಡ ಎಲ್ಲಿಯೂ ಇರಲಿಲ್ಲ.

ನನ್ನನ್ನು ಹಾಳು ಮಾಡಿದ್ದು ಆ ಒಂದೇ ಸಮನಾದ ಅಂಕಿಗಳು. ಹಳ್ಳ ಹಾಗೆ ಏರುವುದಿಲ್ಲ. ಅದು ನುಗ್ಗುತ್ತದೆ, ಬೀಳುತ್ತದೆ. ಹೀಗೆ ಎರಡು ಮೂರು, ಎರಡು ಮೂರು ಎಂದು ನಡೆಯುವ ಅಂಕಿಗಳನ್ನು ನಾನು ಒಮ್ಮೆ ಮಾತ್ರ ಕಂಡಿದ್ದೆ, ತಿರ್ಲಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ, ನನ್ನ ಕೈಬರಹದಲ್ಲಿ. ನಾನು ಕಳೆದಿದ್ದೆ, ಇವರು ಕೂಡಿಸಿದ್ದಾರೆ. ಇಷ್ಟೇ ವ್ಯತ್ಯಾಸ ಎಂದುಕೊಂಡೆ.

ಫಕ್ಕೀರಪ್ಪ ಹಾಳೆಯನ್ನು ನನ್ನ ಹೆಗಲ ಮೇಲಿಂದ ನೋಡಿದ. "ಬಸಣ್ಣಾರ, ನಾಳೆ ಗಾಡಿ ಖಾಲಿ ಐತಿ. ಹೋಗಿ ನೋಡಿ ಬರೂಣೇನು?"

"ನೋಡೂದೇನೈತೋ ಇದರಾಗ? ಇಂಥಾ ಬರವಣಿಗಿ ನಾನ ಬರದೀನಿ."

"ಅಂವ ಮುದುಕ ಹಂಗ ಮಾಡಾಂವ ಅಲ್ಲ ಅನಸ್ತೈತ್ರಿ."

"ನಾನೂ ಹಂಗ ಮಾಡಾಂವ ಅಲ್ಲ ಅಂತ ನಮ್ಮೂರಾಗ ಎಲ್ಲಾರೂ ಅಂದಕೊಂಡಿದ್ರು."

ನಾನು ಕೆಂಪು ಶಾಯಿಯಲ್ಲಿ ಹಾಳೆಗೆ ಅಡ್ಡಗೆರೆ ಹೊಡೆದು, 'ಸ್ಥಳಕ್ಕೆ ಹೋಗದೆ ಬರೆದ ಸುಳ್ಳು ಅಂಕಿಗಳು' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದೆ. ತಂಡದ ಹಿರಿಯ ಎಂಜಿನಿಯರರು ಲಾಗೋಸಿಗೆ ಹೋಗಿದ್ದರು. ಕಚೇರಿಯವರು ನನ್ನ ಟಿಪ್ಪಣಿಯ ಮೇಲೆಯೇ ಗಾರ್ಬಾ ಅವರನ್ನು ಕೆಲಸದಿಂದ ತೆಗೆದ ಪತ್ರ ಕಳಿಸಿದರು. ಅಂಥ ಪತ್ರವನ್ನು ಊರ ಹಿರಿಯರ ಅಂಗಳದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು.

ಹೀಗಾಗಿ ಡಿಸೆಂಬರ್ 28ರಂದು ನಾನು ಬಾಕಿನ್ ರುವಾಕ್ಕೆ ಹೋದದ್ದು ನೀರು ನೋಡಲಿಕ್ಕಲ್ಲ. ಗಾರ್ಬಾ ಅವರಿಂದ ರಿಜಿಸ್ಟರು, ಟಾರ್ಚು ತಿರುಗಿ ಪಡೆಯಲಿಕ್ಕೆ. ಐದನೆಯ ಮೆಟ್ಟಿಲಿನ ಮೇಲೆ ನನ್ನ ಕಾಲು ನಿಂತಿತು, ಏಕೆಂದರೆ ಆರನೆಯದು ನೀರಿನ ಕೆಳಗಿತ್ತು.

ಬಗ್ಗಿ ನೀರಿನಲ್ಲಿ ಕೈಯಿಟ್ಟೆ. ಆಗಸ್ಟಿನ ನೀರು ಸುಣ್ಣ ಕದಡಿದಂತಿತ್ತು. ಇದು ತಿಳಿಯಾಗಿತ್ತು, ಆಳದಲ್ಲಿ ಕಪ್ಪಗೆ ಕಾಣುತ್ತಿತ್ತು. ಮುಳುಗಿದ ಮೆಟ್ಟಿಲುಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ಗೇಜ್ ನೋಡಿದೆ. ಎರಡು ಮೀಟರ್ ನಲವತ್ತೇಳು.

"ಬಸಣ್ಣಾರ, ಇಲ್ಲಿ ಬರ್ರಿ" ಎಂದು ಫಕ್ಕೀರಪ್ಪ ಮೇಲಿನಿಂದ ಕರೆದ.

ದೋಣಿಕಟ್ಟೆಯ ಬಾಜೂಕ ಪ್ರಯಾಣಿಕರು ಕೂರುವ ಒಂದು ಚಪ್ಪರ. ಅದರ ಸುಣ್ಣ ಬಳಿದ ಮಣ್ಣಿನ ಗೋಡೆಯ ಮೇಲೆ ಇದ್ದಿಲಿನಿಂದ ಒಂಬತ್ತು ಸಾಲು ಬರೆದಿತ್ತು. ಪತ್ರ ಬಂದ ಮೇಲೆ ರಿಜಿಸ್ಟರಿನಲ್ಲಿ ಬರೆಯುವ ಅಧಿಕಾರ ತನಗಿಲ್ಲವೆಂದು ಗಾರ್ಬಾ ಅವರು ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಓದುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕೊನೆಯ ಸಾಲು ಅಂದಿನದು, ಬೆಳಿಗ್ಗೆ ಆರರದು: 2.47.

ಅವರು ಬಂದರು. ಜೊತೆಗೆ ಮಗಳು ಹೌವಾ, ಇಪ್ಪತ್ತರ ಹತ್ತಿರದವಳು, ಬಟ್ಟೆಯ ಗಂಟು ಹಿಡಿದುಕೊಂಡಿದ್ದಳು. ಅವರು ನನಗೆ ಕೈಮುಗಿಯುವವರ ಹಾಗೆ ಬಾಗಿ ನಮಸ್ಕಾರ ಹೇಳಿದರು. ಮನೆ ಹೇಗಿದೆ, ದಣಿವು ಹೇಗಿದೆ, ಚಳಿ ಹೇಗಿದೆ ಎಂದು ಅಲ್ಲಿಯ ಪದ್ಧತಿಯಂತೆ ಒಂದೊಂದಾಗಿ ಕೇಳಿದರು. ಹೌವಾ ಗಂಟನ್ನು ನನ್ನ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಏನೋ ಅಂದಳು.

"ಏನಂತಾಳಲೇ?"

ಫಕ್ಕೀರಪ್ಪ ನನ್ನ ಮುಖ ನೋಡಲಿಲ್ಲ. "ಟಾರ್ಚಿನ್ಯಾಗ ಸೆಲ್ ಅದಾವು, ಎಣಿಸಿಕೋರಿ ಅಂತಾಳ. ಇಲ್ಲಾಂದ್ರ ನಮ್ಮಪ್ಪ ಕದ್ದಾನ ಅಂತ ಅದನ್ನೂ ಓದಸೀರಿ ಅಂತಾಳ."

ಗಾರ್ಬಾ ಮಗಳಿಗೆ ಗದರಿದರು. ಆಮೇಲೆ ನಿಧಾನವಾಗಿ, ಫಕ್ಕೀರಪ್ಪನಿಗೆ ಕನ್ನಡದಲ್ಲಿ ಹೇಳಲು ಹೊತ್ತು ಸಿಗುವಂತೆ ತಡೆತಡೆದು ಮಾತಾಡಿದರು.

"ಕೆಲಸದ ಮಾತು ಎತ್ತವಲ್ಲ ಬಸಣ್ಣಾರ. ಆ ಪತ್ರ ಓದಿದ್ರಲ್ಲ, ಅದ ಅಂಗಳದಾಗ ಇನ್ನೊಂದು ಪತ್ರ ಓದಸ್ರಿ ಅಂತಾನ. ಇಂವ ಸುಳ್ಳು ಬರದಿಲ್ಲ, ನೀರು ಬಂದಿತ್ತು ಅಂತ. ಇಷ್ಟ ಸಾಕಂತ. ಪತ್ರ ಓದಿದ್ಮ್ಯಾಲೆ ಈ ಹುಡುಗಿ ಲಗ್ನದ ಮಾತು ಗಂಡಿನವರು ನಿಲ್ಲಿಸ್ಯಾರಂತ."

"ನೀರು ಊರವರಿಗೆಲ್ಲಾ ಕಾಣಸ್ತೈತಲ್ಲ?"

"ನಾನೂ ಅದನ್ನ ಕೇಳಿದ್ನಿರಿ. ನೀರು ಬಂದದ್ದು ಎಲ್ಲಾರಿಗೂ ಗೊತ್ತು. ಆದ್ರ ಇಂವ ದೋಣಿಕಟ್ಟಿಗೆ ಬರಲಾರದ ಮನ್ಯಾಗ ಕೂತು ಬರದಾನಂತ ಸರಕಾರದ ಕಾಗದ ಅಂತೈತಲ್ಲ. ಅದಕ್ಕೇನ ಹೇಳೂದು ಅಂತಾನ."

ನಾನು ಹೇಳಿದೆ: "ಹದಿನೈದು ದಿನದಾಗ ನಾನ ತರತೀನಂತ ಹೇಳು."

ಅವನು ಗಾರ್ಬಾ ಅವರ ಕಡೆ ತಿರುಗುವ ಮೊದಲು ನನ್ನನ್ನು ಕೇಳಿದ. "ಖರೇ ತರತೀರೇನ್ರಿ? ನಾ ಒಮ್ಮೆ ಹೇಳಿದೆ ಅಂದ್ರ ಅದು ನನ್ನ ಮಾತೂ ಆಕ್ಕೈತಿ."

"ಖರೇ."

ಅವನು ಹೇಳಿದ. ಗಾರ್ಬಾ ಎರಡೂ ಕೈ ಎತ್ತಿ ಮುಖಕ್ಕೆ ಒತ್ತಿಕೊಂಡರು. ನಾನು ಗೋಡೆಯ ಒಂಬತ್ತು ಸಾಲನ್ನು ಡೈರಿಗೆ ಇಳಿಸಿಕೊಂಡೆ.

ಸೋಕೋಟೋಕ್ಕೆ ಬಂದ ದಿನವೇ ಪತ್ರ ಬರೆದೆ. ತಪ್ಪು ನನ್ನದು, ಅಂಕಿಗಳು ಖರೆ, ಗಾರ್ಬಾ ಅವರನ್ನು ತಿರುಗಿ ತೆಗೆದುಕೊಳ್ಳಬೇಕು, ಈ ಪತ್ರವನ್ನು ಅದೇ ಅಂಗಳದಲ್ಲಿ ಓದಿಸಬೇಕು ಎಂದಿತ್ತು. ಜನವರಿ ಮೊದಲ ವಾರ ಹಿರಿಯ ಎಂಜಿನಿಯರರು ಲಾಗೋಸಿನಿಂದ ಬಂದರು. ಮೈಸೂರು ಕಡೆಯವರು, ದನಿ ಏರಿಸದ ಮನುಷ್ಯ. ಪತ್ರವನ್ನು ಎರಡು ಸಲ ಓದಿದರು.

"ಇದು ಹೊಸ ವಿಷಯ ಅಲ್ಲವಲ್ಲ ಬಸವಣ್ಣೆಪ್ಪನವರೆ. ಗಿನಿಯ ಬೆಟ್ಟಗಳಲ್ಲಿ ಬಿದ್ದ ಮಳೆ ಮಾಲಿ ದೇಶದ ಜೌಗಿನಲ್ಲಿ ಹರಡಿ, ಮಣ್ಣೆಲ್ಲ ಅಲ್ಲೇ ಬಿಟ್ಟು, ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತೆ. ಅದಕ್ಕೇ ತಿಳಿನೀರು. ಹಳೇ ವರದಿಗಳಲ್ಲೆಲ್ಲ ಇದೆ. ನಿಮ್ಮ ಮೇಜಿನ ಹಿಂದಿನ ಬೀರುವಿನಲ್ಲೇ ಇತ್ತಲ್ಲ?"

"ನಾನು ನೋಡಿರಲಿಲ್ಲ ಸರ್."

"ನನ್ನನ್ನಾದರೂ ಒಂದು ಮಾತು ಕೇಳಬಹುದಿತ್ತು."

"ತಪ್ಪಾಯಿತು ಸರ್. ಪತ್ರ ಕಳಿಸಿದರೆ..."

"ಕಳಿಸಿದರೆ ಕೆಲಸ ಕೊಟ್ಟವರು ನಮ್ಮ ಎಲ್ಲಾ ಹಾಳೆಗಳನ್ನೂ ಅನುಮಾನದಿಂದ ನೋಡ್ತಾರೆ. ಮಾರ್ಚಿನಲ್ಲಿ ಒಪ್ಪಂದ ಮುಂದುವರಿಸೋ ಮಾತಿದೆ. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳೋರಲ್ಲಿ ನಿಮ್ಮ ಹೆಸರೂ ಇದೆ. ಅಲ್ಲಿ ಹೊಸಬರನ್ನು ನೇಮಿಸಿಯೂ ಆಯ್ತು. ಡಿಸೆಂಬರನ್ನು ಬಿಟ್ಟುಬಿಡೋಣ." ಪತ್ರವನ್ನು ಹರಿಯಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಮಡಚಿ ನನ್ನ ಕೈಗೆ ಕೊಟ್ಟರು. "ನಿಮ್ಮಿಷ್ಟ. ನಾನು ತಡೆಯೋದಿಲ್ಲ."

ತಡೆದಿದ್ದರೆ ಇಷ್ಟು ವರ್ಷ ತಪ್ಪನ್ನು ಅವರ ಮೇಲೆ ಹಾಕಿ ಬದುಕಬಹುದಿತ್ತು.

ಹೊರಗೆ ಜೀಪು ನಿಂತಿತ್ತು. ಫಕ್ಕೀರಪ್ಪ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು, "ಯೆಲ್ವಾ ಕಡಿ ಹೋಗೂಣ್ರಿ?" ಎಂದ. ನಾನು ಪತ್ರವನ್ನು ಅಂಗಿಯ ಕಿಸೆಯಲ್ಲಿ ಇಡುವುದನ್ನು ಅವನು ನೋಡಿದ. "ಇವತ್ತ ಗುಸಾವು ಕಡಿ ಹೋಗೂದೈತಿ" ಎಂದೆ. ಅದು ನೈಜರ್ ನದಿಯಿಂದ ದೂರ ಒಯ್ಯುವ ದಾರಿ. ಅವನು ಗಾಡಿ ತಿರುಗಿಸಿದ. ಹದಿನೈದು ದಿನ ಕಳೆಯಿತು, ತಿಂಗಳು ಕಳೆಯಿತು. ಬಾಕಿನ್ ರುವಾದ ಕೆಲಸ ಬಂದಾಗ ನಾನು ಬೇರೆಯವರನ್ನು ಕಳಿಸುತ್ತಿದ್ದೆ. ಫಕ್ಕೀರಪ್ಪನೂ ಆ ಕಡೆ ಹೋಗಲು ಒಪ್ಪುತ್ತಿರಲಿಲ್ಲ. ಇಂಜಿನ್ ಕೆಟ್ಟಿದೆ ಎನ್ನುತ್ತಿದ್ದ.

1987ರಲ್ಲಿ ಊರಿಗೆ ಬರುವ ಮೊದಲು ಅಚ್ಚಾದ ವರದಿ ಕೈಗೆ ಸಿಕ್ಕಿತು. ಬಾಕಿನ್ ರುವಾ, 1985ರ ಡಿಸೆಂಬರ್ ತಿಂಗಳ ಸಾಲಿನಲ್ಲಿ ಮೊದಲಿನಿಂದ ಕೊನೆಯವರೆಗೆ 'ನೋಡಿಲ್ಲ' ಎಂದಿತ್ತು. ಕುಲಕರ್ಣಿಯವರು ನನಗೆ ಕಲಿಸಿದ ಪದ. ನೋಡದೆ ಇದ್ದವನು ನಾನು. ಅದು ಬಿದ್ದದ್ದು ನೋಡಿದವರ ಹೆಸರಿನ ಮುಂದೆ.

ಊರಿಗೆ ಬಂದ ವಾರ ಕುಲಕರ್ಣಿಯವರನ್ನು ಕಾಣಲು ಹೋಗಿದ್ದೆ. ಹೊಳೆ ಎಷ್ಟು ಅಗಲ, ಜನ ಹೇಗೆ ಎಂದೆಲ್ಲ ಕೇಳಿದರು. ಇದನ್ನು ಹೇಳಬೇಕೆಂದೇ ಹೋಗಿದ್ದೆ. ಚಹಾ ಕುಡಿದು ಬಂದೆ. ಅವರು ಈಗಿಲ್ಲ.

ಆಮೇಲಿನ ನೌಕರಿಯಲ್ಲಿ ಗೇಜ್ ಓದುವ ಎಷ್ಟೋ ಜನರ ಹಾಳೆಗಳು ನನ್ನ ಮೇಜಿಗೆ ಬಂದವು. ಅನುಮಾನ ಬಂದಾಗಲೆಲ್ಲ ಬಸ್ಸು ಹತ್ತಿಯೋ ನಡೆದೋ ಹೋಗಿ ಅವರು ನಿಂತಲ್ಲಿ ನಿಂತೆ. ಹೆಚ್ಚಿನ ಸಲ ಅವರು ನಿಜವಾಗಿಯೂ ಸುಳ್ಳು ಬರೆದಿದ್ದರು. ಅದರಿಂದ ನನಗೆ ಸಮಾಧಾನವಾಗಲಿಲ್ಲ.

ಫಕ್ಕೀರಪ್ಪ ತಂಬೂರಿಗೆ ಬೇರೆ ಸಾಮಾನಿನ ಜೊತೆ ಒಂದು ಹೌಸಾ ಟೊಪ್ಪಿಗೆ ತಂದಿದ್ದ. ಪಂಪು ರಿಪೇರಿ ಮಾಡುವಾಗ ಅದನ್ನೇ ಹಾಕುತ್ತಿದ್ದ. ನಾನು ಹೋದಾಗಲೆಲ್ಲ ಊಟ ಹಾಕುತ್ತಾನೆ, ಹೊರಡುವಾಗ ಒಂದೇ ಮಾತು ಕೇಳುತ್ತಾನೆ: "ಆ ಪತ್ರ ಎಲ್ಲೈತ್ರಿ?" ಈ ಸಲ ಕಿಸೆಯಿಂದ ತೆಗೆದು ತೋರಿಸಿದೆ. ಮಡಿಕೆಯಲ್ಲಿ ಹರಿದಿದೆ. ಅವನು ಓದಲಿಲ್ಲ, ಬೆರಳಿನಿಂದ ಮುಟ್ಟಿ ನೋಡಿದ. "ಎಲ್ಲಿಯಾರ ಓದಸ್ರಿ ಬಸಣ್ಣಾರ. ಆ ಅಂಗಳ ಅಲ್ಲದಿದ್ರ ಇನ್ನೊಂದು ಅಂಗಳ. ನನ್ನ ಬಾಯಿಲೆ ಹೇಳಿಸೀರಿ ನೀವು."

ಆದ್ದರಿಂದ ಇಲ್ಲಿ ಬರೆಯುತ್ತೇನೆ. ಬಾಕಿನ್ ರುವಾ ದೋಣಿಕಟ್ಟೆ, ನೈಜರ್ ನದಿ, 1985ರ ಡಿಸೆಂಬರ್, ಬೆಳಿಗ್ಗೆ ಆರರ ಮಟ್ಟ, ಮೀಟರುಗಳಲ್ಲಿ. ಇಪ್ಪತ್ತನೆಯ ತಾರೀಖು 2.20. ಇಪ್ಪತ್ತೊಂದು 2.24. ಇಪ್ಪತ್ತೆರಡು 2.27. ಇಪ್ಪತ್ತಮೂರು 2.31. ಇಪ್ಪತ್ತನಾಲ್ಕು 2.34. ಇಪ್ಪತ್ತೈದು 2.38. ಇಪ್ಪತ್ತಾರು 2.41. ಇಪ್ಪತ್ತೇಳು 2.44. ಇಪ್ಪತ್ತೆಂಟು 2.47. ಓದಿದವರು ಮಾಲಂ ಗಾರ್ಬಾ. ಅವರು ಸುಳ್ಳು ಬರೆದಿಲ್ಲ. ನೀರು ಬಂದಿತ್ತು.

ಈ ಸಾಲುಗಳನ್ನು ಆ ಗೋಡೆಯ ಮೇಲೆ ಆ ಬೆಳಿಗ್ಗೆ ಕಂಡವರು ನಾಲ್ವರು. ಗಾರ್ಬಾ ಅವರು ಇದ್ದರೆ ತೊಂಬತ್ತು ದಾಟಿರಬೇಕು. ಹೌವಾಳಿಗೆ ಅರವತ್ತರ ಹತ್ತಿರ. ಅವಳ ಮದುವೆಯಾಯಿತೋ ಇಲ್ಲವೋ ನನಗೆ ತಿಳಿಯದು. ಅವರಿಬ್ಬರ ಹೆಸರಿನ ಮುಂದೆ ನಾನು ಬರೆಯಬಹುದಾದದ್ದು 'ನೋಡಿಲ್ಲ' ಎಂದು ಮಾತ್ರ. ನನ್ನನ್ನು ಬಿಟ್ಟರೆ, ಬದುಕಿದ್ದಾನೆಂದು ಕಣ್ಣಾರೆ ಕಂಡು ನಾನು ಬರೆಯಬಹುದಾದದ್ದು ಒಬ್ಬನ ಬಗ್ಗೆ ಮಾತ್ರ: ಕಲಘಟಗಿ ತಾಲೂಕು ತಂಬೂರಿನ ಫಕ್ಕೀರಪ್ಪ. ಕಳೆದ ಸೋಮವಾರ ಮಧ್ಯಾಹ್ನ ಅವನ ಮನೆಯ ಕಟ್ಟೆಯ ಮೇಲೆ, ಅವನ ಬಾಜೂಕ ನಾನು ಕೂತಿದ್ದೆ.